ತಲಪಾಡಿಯ ಮಣ್ಣಿನ ರಾಶಿ

ಎಲ್ಲರಿಗೂ ನಮಸ್ಕಾರ. ಇಂಥ ಮಳೆಯಲ್ಲೂ ಇಷ್ಟು ಜನ ಬಂದಿದ್ದೀರಿ, ತುಂಬ ಸಂತೋಷ. ಹಂಚಿನ ಮೇಲೆ ಬೀಳುವ ಮಳೆಯ ಸದ್ದಿಗೆ ನನ್ನ ಮಾತು ಕೇಳಿಸದಿದ್ದರೆ ಕೈ ಎತ್ತಿ. ಸ್ವಲ್ಪ ನಿಲ್ಲಿಸಿ ಮತ್ತೆ ಶುರು ಮಾಡುತ್ತೇನೆ.

ವಿಪತ್ತು ಬಂದಾಗ ಕೇಂದ್ರ ಸರ್ಕಾರದ ಕೆಲಸ ಏನು, ಪಂಚಾಯತಿನ ಕೆಲಸ ಏನು ಎಂದು ಮಾತಾಡಲು ಕರೆದಿದ್ದೀರಿ. ನಾನು ಕಾನೂನು ಓದಿದವಳಲ್ಲ. ಹೈಸ್ಕೂಲಿನಲ್ಲಿ ಸಮಾಜ ಪಾಠ ಮಾಡಿದವಳು. ನಿವೃತ್ತಿಯಾದ ಮೇಲೆ 2015ರಿಂದ 2020ರ ವರೆಗೆ ಒಂದು ಅವಧಿಗೆ ವಾರ್ಡ್ ಮೆಂಬರ್ ಆಗಿದ್ದೆ. ಆ ಐದು ವರ್ಷಗಳಲ್ಲಿ ಎರಡು ದೊಡ್ಡ ಮಳೆಗಾಲ ಬಂದವು, ಕೊನೆಗೆ ಕೊರೊನಾ ಬಂತು. ಸಂವಿಧಾನದ ಪಾಠವನ್ನು ಮೂವತ್ತು ವರ್ಷ ಮಕ್ಕಳಿಗೆ ಹೇಳಿಕೊಟ್ಟಿದ್ದೆ. ಅದರ ಅರ್ಥ ನನಗೆ ಗೊತ್ತಾದದ್ದು 2020ರ ಮಾರ್ಚ್ ತಿಂಗಳಲ್ಲಿ.

ಆ ತಿಂಗಳಿನಿಂದಲೇ ಶುರು ಮಾಡುತ್ತೇನೆ.

ನಮಗೆಲ್ಲ ಆಸ್ಪತ್ರೆ ಎಂದರೆ ಮಂಗಳೂರು. ಹೆರಿಗೆಗೂ ಮಂಗಳೂರು, ಹೃದಯಕ್ಕೂ ಮಂಗಳೂರು. ಕೇರಳದ ಉತ್ತರ ತುದಿಯ ನಮ್ಮ ಕಾಸರಗೋಡಿನಿಂದ ಅಲ್ಲಿಗೆ 50 ಕಿಲೋಮೀಟರ್. ನಮ್ಮ ರಾಜಧಾನಿ ತಿರುವನಂತಪುರಕ್ಕೆ 550 ಕಿಲೋಮೀಟರಿಗೂ ಜಾಸ್ತಿ. 1956ರ ನವೆಂಬರ್ 1ರಂದು ಆಗಿನ ಕಾಸರಗೋಡು ತಾಲೂಕು ಕೇರಳಕ್ಕೆ ಸೇರಿತು. ಆದರೆ ನಮ್ಮ ಮದ್ದು, ನಮ್ಮ ಮಾರುಕಟ್ಟೆ, ನಮ್ಮ ನೆಂಟಸ್ತನ ಯಾವುದೂ ಆ ಗೆರೆ ನೋಡಿ ದಾರಿ ಬದಲಿಸಲಿಲ್ಲ. ಗೆರೆ ಇದೆ ಎಂಬುದೇ ನಮಗೆ ಮರೆತುಹೋಗಿತ್ತು. ಎರಡು ರಾಜ್ಯಗಳ ಗಡಿಯ ತಲಪಾಡಿ ಅಂದರೆ ನಮಗೆ ಬಸ್ಸು ನಿಲ್ಲುವ ಒಂದು ಜಾಗ, ಅಷ್ಟೆ.

2020ರ ಮಾರ್ಚ್ ಕೊನೆಯಲ್ಲಿ ಕರ್ನಾಟಕ ಗಡಿ ಮುಚ್ಚಿತು. ಕೆಲವು ರಸ್ತೆಗಳಿಗೆ ಟಿಪ್ಪರಿನಲ್ಲಿ ಮಣ್ಣು ತಂದು ಸುರಿದರು. ಆಳೆತ್ತರದ ರಾಶಿ. ಆಗ ಕೇರಳದಲ್ಲಿ ಕಾಸರಗೋಡಿನಲ್ಲೇ ಸೋಂಕು ಹೆಚ್ಚು ಇತ್ತು. ಮಂಗಳೂರಿನವರಿಗೆ ಭಯ ಇದ್ದದ್ದು ಸುಳ್ಳಲ್ಲ. ಆ ಭಯ ನನಗೂ ಅರ್ಥವಾಗುತ್ತದೆ, ನನ್ನ ತಂಗಿಯ ಮನೆ ಅಲ್ಲೇ ಇದೆ. ಆದರೆ ಗಡಿ ದಾಟಲಾಗದೆ, ಸಮಯಕ್ಕೆ ಚಿಕಿತ್ಸೆ ಸಿಗದೆ ನಮ್ಮ ಜಿಲ್ಲೆಯಲ್ಲಿ ಹಲವರು ತೀರಿಕೊಂಡರು. ಅವರಲ್ಲಿ ಹೆಚ್ಚಿನವರಿಗೆ ಇದ್ದದ್ದು ಕೊರೊನಾ ಅಲ್ಲ, ಬೇರೆ ಕಾಯಿಲೆ.

ನನ್ನ ವಾರ್ಡಿನಲ್ಲಿ ಒಬ್ಬರು ಅಜ್ಜಿ ಇದ್ದರು. ವಾರಕ್ಕೆ ಎರಡು ಸಲ ಗಡಿಯ ಆಚೆ ಡಯಾಲಿಸಿಸ್. ಆ ವಾರ ಅವರ ಆಂಬುಲೆನ್ಸ್ ಗಡಿಯಿಂದ ಹಿಂದೆ ಬಂತು. ಮಗ ನನಗೆ ಫೋನ್ ಮಾಡಿದ. "ಟೀಚರೇ, ನೀವು ಮೆಂಬರ್ ಅಲ್ವಾ, ಯಾರಿಗಾದರೂ ಹೇಳಿ" ಎಂದ. ಯಾರಿಗೆ ಹೇಳುವುದು? ಪಂಚಾಯತಿಗೆ ಆ ರಾಶಿಯ ಒಂದು ಬುಟ್ಟಿ ಮಣ್ಣು ಎತ್ತುವ ಅಧಿಕಾರವೂ ಇಲ್ಲ. ನಮ್ಮ ಕಲೆಕ್ಟರಿಗೆ ಗಡಿಯಾಚೆ ಅಧಿಕಾರ ಇಲ್ಲ. ನಮ್ಮ ಮುಖ್ಯಮಂತ್ರಿ ಪಕ್ಕದ ರಾಜ್ಯಕ್ಕೆ ಆದೇಶ ಕೊಡುವಂತಿಲ್ಲ. ಕೊನೆಗೆ ಅಜ್ಜಿಯನ್ನು ದಕ್ಷಿಣಕ್ಕೆ, ತುಂಬಾ ದೂರ ಕರೆದುಕೊಂಡು ಹೋಗಬೇಕಾಯಿತು. ನಡುವೆ ಎರಡು ಸಲದ ಡಯಾಲಿಸಿಸ್ ತಪ್ಪಿತು. ಅವರು ಉಳಿದರು. ಆ ನಾಲ್ಕೈದು ದಿನ ಅವರ ಮನೆಯವರ ಮುಖ ನೋಡಲು ನನಗೆ ಆಗುತ್ತಿರಲಿಲ್ಲ.

ಕೇರಳ ಹೈಕೋರ್ಟು ಏಪ್ರಿಲ್ 1ರಂದು ಕೇಂದ್ರ ಸರ್ಕಾರಕ್ಕೆ ಹೇಳಿತು: ರಾಷ್ಟ್ರೀಯ ಹೆದ್ದಾರಿಯ ತಡೆ ತೆಗೆಸಿ, ಚಿಕಿತ್ಸೆಗೆ ಹೋಗುವವರಿಗೆ ದಾರಿ ಬಿಡಿಸಿ. ವಿಷಯ ಸುಪ್ರೀಂ ಕೋರ್ಟಿಗೆ ಹೋಯಿತು. ಕೇಂದ್ರ ಆರೋಗ್ಯ ಕಾರ್ಯದರ್ಶಿ ಮತ್ತು ಎರಡೂ ರಾಜ್ಯಗಳ ಮುಖ್ಯ ಕಾರ್ಯದರ್ಶಿಗಳು ಕೂತು ಮಾತಾಡಿದರು. ಏಪ್ರಿಲ್ 7ಕ್ಕೆ ಒಪ್ಪಂದ ಆಗಿದೆ ಎಂದು ಕೋರ್ಟಿಗೆ ತಿಳಿಸಿದರು. ಕೆಲವು ಷರತ್ತಿನ ಮೇಲೆ ರೋಗಿಗಳನ್ನು ಬಿಡತೊಡಗಿದರು. ಗಮನಿಸಿ, ಲಾಕ್‌ಡೌನ್ ಶುರುವಾದದ್ದು ಮಾರ್ಚ್ 25ಕ್ಕೆ. ಹದಿಮೂರು ದಿನ. ಡಯಾಲಿಸಿಸ್ ಬೇಕಾದವರಿಗೆ ಹದಿಮೂರು ದಿನ ಎಂದರೆ ಏನು ಎಂದು ನಿಮಗೆ ಹೇಳಬೇಕಿಲ್ಲ.

ನನಗೆ ಇವತ್ತಿಗೂ ನೋವು ಕೊಡುವುದು ಇದು. ದೇಶಕ್ಕೆಲ್ಲ ಲಾಕ್‌ಡೌನ್ ಹಾಕಿದ್ದು ಕೇಂದ್ರ. 2005ರ ವಿಪತ್ತು ನಿರ್ವಹಣಾ ಕಾಯಿದೆಯ ಕೆಳಗೆ, ಒಂದು ರಾತ್ರಿಯ ನಾಲ್ಕು ಗಂಟೆಯೊಳಗೆ. ಇಡೀ ದೇಶವನ್ನು ನಾಲ್ಕು ಗಂಟೆಯಲ್ಲಿ ನಿಲ್ಲಿಸುವ ಶಕ್ತಿ ಇದ್ದ ಸರ್ಕಾರಕ್ಕೆ, ತನ್ನದೇ ಹೆದ್ದಾರಿಯ ಮೇಲೆ ಒಂದು ಆಂಬುಲೆನ್ಸ್ ದಾಟಿಸಲು ಎರಡು ವಾರ ಹಿಡಿಯಿತು. ಎರಡು ರಾಜ್ಯ ಜಗಳಾಡಿದಾಗ ನಡುವೆ ನಿಲ್ಲಬಲ್ಲವರು ದೆಹಲಿಯವರು ಮಾತ್ರ. ಬೇರೆ ಯಾರಿಗೂ ಆ ಜಾಗ ಇಲ್ಲ. ಒಳನಾಡಿನ ಜಿಲ್ಲೆಗಳಿಗೆ ಕೇಂದ್ರ ಬೇಕಾಗುವುದು ಹಣಕ್ಕೆ, ಸೈನ್ಯಕ್ಕೆ. ಗಡಿಜಿಲ್ಲೆಯವರಾದ ನಮಗೆ ಮೊದಲು ಬೇಕಾಗುವುದು ದಾರಿಗೆ.

ಅದೇ ಎರಡು ವಾರದಲ್ಲಿ ಈಚೆ ಏನು ನಡೆಯಿತು, ಅದನ್ನೂ ಹೇಳಬೇಕು. ಪಂಚಾಯತು ಕಮ್ಯೂನಿಟಿ ಕಿಚನ್ ತೆರೆಯಿತು. ಕುಡುಂಬಶ್ರೀ ಮಹಿಳಾ ಸಂಘದ ಅಕ್ಕಂದಿರು ಬೆಳಿಗ್ಗೆ ಐದಕ್ಕೆ ಒಲೆ ಹಚ್ಚುತ್ತಿದ್ದರು. ಯಾವ ಮನೆಯಲ್ಲಿ ಒಬ್ಬಂಟಿ ಮುದುಕರು ಇದ್ದಾರೆ, ಯಾವ ಬಾಡಿಗೆ ಕೋಣೆಯಲ್ಲಿ ಬಿಹಾರದ ಹುಡುಗರು ಉಪವಾಸ ಇದ್ದಾರೆ, ಇದೆಲ್ಲ ಆಶಾ ಕಾರ್ಯಕರ್ತೆಗೆ ಬಾಯಿಪಾಠ. ರಾಜ್ಯ ಸರ್ಕಾರ ಉಕ್ಕಿನಡ್ಕದಲ್ಲಿ ಅರ್ಧ ಕಟ್ಟಿದ್ದ ಮೆಡಿಕಲ್ ಕಾಲೇಜಿನ ಕಟ್ಟಡವನ್ನು ಕೆಲವೇ ದಿನದಲ್ಲಿ ಕೊರೊನಾ ಆಸ್ಪತ್ರೆ ಮಾಡಿತು. 2013ರಲ್ಲಿ ಕಲ್ಲು ಹಾಕಿದ ಕಾಲೇಜು ಅದು. ಏಳು ವರ್ಷ ಕಾದು, ಕೊನೆಗೆ ಮಹಾಮಾರಿ ಬಂದ ಮೇಲೆ ಬಾಗಿಲು ತೆರೆಯಿತು. ಪೆರಿಯದ ಕೇಂದ್ರೀಯ ವಿಶ್ವವಿದ್ಯಾಲಯದ ಲ್ಯಾಬಿನಲ್ಲಿ ಗಂಟಲು ದ್ರವದ ಪರೀಕ್ಷೆ ಶುರುವಾಯಿತು. ಅಂದರೆ ಕೇಂದ್ರದ ಒಂದು ಸಂಸ್ಥೆ ನಮ್ಮ ಮಗ್ಗುಲಲ್ಲೇ ಇದ್ದುದರಿಂದ ನಮಗೆ ದೊಡ್ಡ ಉಪಕಾರ ಆಯಿತು. ಆದ್ದರಿಂದ ಕೇಂದ್ರ ದೂರ, ಪಂಚಾಯತು ಹತ್ತಿರ ಎಂದು ಸುಮ್ನೆ ಗೆರೆ ಎಳೆಯಲು ನನಗೆ ಮನಸ್ಸಿಲ್ಲ.

ಈಗ ಕಾನೂನಿಗೆ ಬರುತ್ತೇನೆ. ಬೇಸರ ಮಾಡಬೇಡಿ, ಬೇಗ ಮುಗಿಸುತ್ತೇನೆ.

ಸಂವಿಧಾನದ 7ನೇ ಅನುಸೂಚಿಯಲ್ಲಿ ಮೂರು ಪಟ್ಟಿಗಳಿವೆ: ಕೇಂದ್ರದ್ದು, ರಾಜ್ಯದ್ದು, ಇಬ್ಬರಿಗೂ ಸೇರಿದ್ದು. ಮೂರರಲ್ಲೂ ವಿಪತ್ತು ನಿರ್ವಹಣೆ ಎಂಬ ವಿಷಯ ಹೆಸರಿಟ್ಟು ಬರೆದಿಲ್ಲ. ಪೊಲೀಸು, ಭೂಮಿ, ಆಸ್ಪತ್ರೆ ರಾಜ್ಯದ ಪಟ್ಟಿಯಲ್ಲಿವೆ. ಹೆದ್ದಾರಿ, ಸೈನ್ಯ, ಹವಾಮಾನ ಇಲಾಖೆ ಕೇಂದ್ರದ ಪಟ್ಟಿಯಲ್ಲಿವೆ. ನೆರೆ ಬಂದಾಗ ಇವೆಲ್ಲ ಒಟ್ಟಿಗೆ ಬೇಕು. 2004ರ ಡಿಸೆಂಬರಿನಲ್ಲಿ ಸುನಾಮಿ ಬಂದ ಮೇಲೆ, ಮರುವರ್ಷ, 2005ರಲ್ಲಿ, ಸಂಸತ್ತು ವಿಪತ್ತು ನಿರ್ವಹಣಾ ಕಾಯಿದೆ ಮಾಡಿತು. ದೆಹಲಿಯ ವಿಪತ್ತು ನಿರ್ವಹಣಾ ಪ್ರಾಧಿಕಾರಕ್ಕೆ ಪ್ರಧಾನಿ ಅಧ್ಯಕ್ಷರು, ರಾಜ್ಯದ್ದಕ್ಕೆ ಮುಖ್ಯಮಂತ್ರಿ, ಜಿಲ್ಲೆಯದ್ದಕ್ಕೆ ಕಲೆಕ್ಟರ್. ಜಿಲ್ಲಾ ಪಂಚಾಯತಿನ ಅಧ್ಯಕ್ಷರು ಅದರ ಸಹ-ಅಧ್ಯಕ್ಷರು. ಅದರ ಕೆಳಗೆ? ಬ್ಲಾಕಿಗೆ, ಗ್ರಾಮ ಪಂಚಾಯತಿಗೆ ಪ್ರಾಧಿಕಾರ ಎಂಬುದು ಇಲ್ಲ. ಕಾಯಿದೆಯ 41ನೇ ಸೆಕ್ಷನ್ನಿನಲ್ಲಿ ನಮಗೆ ಕೆಲಸ ಹೇಳಿದ್ದಾರೆ. ಸಿಬ್ಬಂದಿಗೆ ತರಬೇತಿ ಕೊಡಿ, ಸಾಮಾನು ಸಿದ್ಧ ಇಡಿ, ಕಟ್ಟಡಗಳು ನಿಯಮದಂತೆ ಇವೆಯೇ ನೋಡಿ, ಪರಿಹಾರ ಮತ್ತು ಪುನರ್ವಸತಿ ಕೆಲಸ ಮಾಡಿ ಎಂದು. ಹಣದ ವಿಷಯ ಬರುವುದು 46ನೇ ಸೆಕ್ಷನ್ನಿನಿಂದ ಮುಂದೆ. ಅಲ್ಲಿ ರಾಷ್ಟ್ರೀಯ ನಿಧಿ ಇದೆ, ರಾಜ್ಯ ನಿಧಿ ಇದೆ, ಜಿಲ್ಲಾ ನಿಧಿಯೂ ಇದೆ. ಪಂಚಾಯತು ನಿಧಿ ಎಂಬ ಮಾತು ಇಲ್ಲ.

ಅದನ್ನು ಮೊದಲ ಸಲ ಓದಿದ ದಿನ ನಾನು ಪುಸ್ತಕ ಮುಚ್ಚಿಟ್ಟು ಸ್ವಲ್ಪ ಹೊತ್ತು ಸುಮ್ಮನೆ ಕೂತಿದ್ದೆ. ಕೆಲಸ ಕೆಳಗೆ ಇಳಿದಿದೆ, ಹಣ ಜಿಲ್ಲೆಯಲ್ಲೇ ನಿಂತಿದೆ.

ಇನ್ನೊಂದು ಮಾತು. ಆ ಕಾಯಿದೆಯಲ್ಲಿ ವಿಪತ್ತು ಎಂದರೆ ಏನು ಎಂದು ವಿವರಿಸಿದ್ದಾರೆ. ಅಲ್ಲಿನ ಜನಸಮುದಾಯದ ತಾಳಿಕೊಳ್ಳುವ ಶಕ್ತಿಯನ್ನು ಮೀರಿ ಆಗುವ ಅನಾಹುತ ಎಂಬ ಅರ್ಥ ಬರುವಂತೆ ಬರೆದಿದ್ದಾರೆ. ನನಗೆ ಆ ಮಾತು ಬಹಳ ಇಷ್ಟ. ಎಷ್ಟು ಮಳೆ ಸುರಿಯಿತು ಎಂಬುದಕ್ಕಿಂತ, ಆ ಊರಿಗೆ ಎಷ್ಟು ತಡೆದುಕೊಳ್ಳಲು ಆಯಿತು ಎಂಬುದು ಮುಖ್ಯ. ಗಟ್ಟಿ ಸಂಕ, ಅಂದರೆ ಸೇತುವೆ, ಇದ್ದ ಊರಿಗೆ 200 ಮಿಲಿಮೀಟರ್ ಒಂದು ಮಳೆ. ಕಂಗಿನ ಮರ ಅಡ್ಡ ಹಾಕಿ ದಾಟುವ ಊರಿಗೆ ಅದೇ ಮಳೆ ಒಂದು ಹೆಣ.

ಮೊದಲ ಗಂಟೆಗಳ ವಿಷಯ ಹೇಳುತ್ತೇನೆ. ರಾಷ್ಟ್ರೀಯ ವಿಪತ್ತು ಸ್ಪಂದನ ಪಡೆ 2006ರಲ್ಲಿ ಶುರುವಾಯಿತು, ಈಗ 16 ಬೆಟಾಲಿಯನ್‌ಗಳಿವೆ. ನಮ್ಮ ರಾಜ್ಯವನ್ನು ನೋಡಿಕೊಳ್ಳುವ ಬೆಟಾಲಿಯನ್ ಇರುವುದು ತಮಿಳುನಾಡಿನ ಅರಕ್ಕೋಣಂನಲ್ಲಿ. ಅದರ ಒಂದು ತಂಡ ತೃಶ್ಶೂರಿನಲ್ಲಿ ಇರುತ್ತದೆ. ಮಳೆಗಾಲ ಶುರುವಾಗುವ ಮುಂಚೆ ಕೆಲವು ಜಿಲ್ಲೆಗಳಿಗೆ ಮೊದಲೇ ಕಳಿಸುವುದೂ ಉಂಟು. ತುಂಬಾ ಒಳ್ಳೆಯ ತರಬೇತಿ ಪಡೆದವರು, ಜೀವ ಒತ್ತೆ ಇಡುವವರು. ಆದರೆ ತೃಶ್ಶೂರಿನಿಂದ ಇಲ್ಲಿಗೆ ಬರಲು ಅವರಿಗೆ ಎಷ್ಟು ಗಂಟೆ ಬೇಕು ಎಂದು ನೀವೇ ಲೆಕ್ಕ ಹಾಕಿ, ಅದೂ ರಸ್ತೆ ತುಂಬ ನೀರಿರುವ ದಿನ. ಗುಡ್ಡ ಜರಿದ ಮನೆಯೊಳಗೆ ಸಿಕ್ಕಿಬಿದ್ದವರಿಗೆ ಅಷ್ಟು ಹೊತ್ತು ಇರುವುದಿಲ್ಲ. ಆಗ ಓಡಿ ಬರುವವರು ಪಕ್ಕದ ಮನೆಯವರು, ಯುವಕ ಸಂಘದ ಹುಡುಗರು, ಹತ್ತಿರದಲ್ಲಿ ಕೆಲಸ ಮಾಡುತ್ತಿದ್ದ ಜೆಸಿಬಿಯ ಡ್ರೈವರ್.

2018ರ ಆಗಸ್ಟ್ ನೆನಪಿದೆಯಲ್ಲ. ದಕ್ಷಿಣದ ಜಿಲ್ಲೆಗಳು ಮುಳುಗಿದಾಗ ಮೀನುಗಾರರು ತಮ್ಮ ದೋಣಿಗಳನ್ನು ಲಾರಿಗೆ ಹೇರಿಕೊಂಡು ಒಳನಾಡಿಗೆ ಹೋದರು. ನಾಲ್ಕೂವರೆ ಸಾವಿರದಷ್ಟು ಜನ, 669 ದೋಣಿ, ಸುಮಾರು 65,000 ಜನರನ್ನು ಕಾಪಾಡಿದರು. ಯಾರೂ ಅವರಿಗೆ ಆದೇಶ ಕೊಟ್ಟು ಹೊರಡಿಸಿದ್ದಲ್ಲ. ಕಡಲಿನ ಜನಕ್ಕೆ ನೀರಿನ ಗುಣ ಗೊತ್ತು, ಅಷ್ಟೇ ಸಾಕಾಯಿತು. ಮುಂದಿನ ವರ್ಷ, 2019ರ ಆಗಸ್ಟಿನಲ್ಲಿ, ನಮ್ಮ ಜಿಲ್ಲೆಯ ತೇಜಸ್ವಿನಿ ಹೊಳೆ ತುಂಬಿ ನೀಲೇಶ್ವರ, ಚೆರುವತ್ತೂರಿನ ಕಡೆ ಮನೆಗಳಿಗೆ ನುಗ್ಗಿತು. ಅಲ್ಲೂ ಮೊದಲು ನೀರಿಗೆ ಇಳಿದವರು ಊರಿನವರೇ.

ಹಾಗೆಂದು ಎಲ್ಲವನ್ನೂ ನಾವೇ ಮಾಡುತ್ತೇವೆ ಎಂದು ಎದೆ ತಟ್ಟಿಕೊಳ್ಳುವುದು ಸರಿಯಲ್ಲ. ವಯನಾಡಿನ ಮುಂಡಕ್ಕೈ, ಚೂರಲ್‌ಮಲ. 2024ರ ಜುಲೈ 30ರ ನಸುಕಿನಲ್ಲಿ ಗುಡ್ಡ ಹೊಳೆಯಾಗಿ ಬಂತು. 250ಕ್ಕೂ ಜಾಸ್ತಿ ಜನ ಹೋದರು. ಊರ ನಡುವಿನ ಸೇತುವೆ ಕೊಚ್ಚಿಹೋಗಿತ್ತು, ಮುಂಡಕ್ಕೈ ಕಡೆ ಯಂತ್ರ ಒಯ್ಯಲು ದಾರಿಯೇ ಇರಲಿಲ್ಲ. ಬೆಂಗಳೂರಿನ ಮದ್ರಾಸ್ ಎಂಜಿನಿಯರ್ ಗ್ರೂಪಿನ ಸೈನಿಕರು ಬಂದು 190 ಅಡಿಯ ಬೈಲಿ ಸೇತುವೆ ಕಟ್ಟಿದರು. ಹಗಲು ರಾತ್ರಿ ಕೆಲಸ ಮಾಡಿ ಆಗಸ್ಟ್ 1ರ ಸಂಜೆಗೆ ಮುಗಿಸಿದರು. ಮುಂದೆ ನಿಂತು ಆ ಕೆಲಸ ಮಾಡಿಸಿದವರು ಮೇಜರ್ ಸೀತಾ ಶೆಲ್ಕೆ. ಆ ಸೇತುವೆಯ ಮೇಲೆ ಹಿಟಾಚಿ ದಾಟಿತು, ಆಂಬುಲೆನ್ಸ್ ದಾಟಿತು. ಯಾವ ಪಂಚಾಯತಿಗೆ, ಯಾವ ರಾಜ್ಯಕ್ಕೆ ಅದು ಆಗುತ್ತಿತ್ತು?

ಮುನ್ಸೂಚನೆಯೂ ಹಾಗೆಯೇ. ಉಪಗ್ರಹ, ರಾಡಾರ್, ಸಮುದ್ರದ ನಡುವೆ ತೇಲುವ ಅಳತೆಯ ಯಂತ್ರಗಳು, ಇವೆಲ್ಲ ಕೇಂದ್ರದ ಕೈಯಲ್ಲೇ ಇರಬೇಕಾದವು. ರೆಡ್ ಅಲರ್ಟ್ ಎಂದರೆ 24 ಗಂಟೆಯಲ್ಲಿ 204.4 ಮಿಲಿಮೀಟರಿಗಿಂತ ಜಾಸ್ತಿ ಮಳೆ ಎಂದು ಈಗ ನಮ್ಮ ಮಕ್ಕಳಿಗೂ ಗೊತ್ತು. ಶಾಲೆಗೆ ರಜೆಯೋ ಇಲ್ಲವೋ ಅನ್ನುವುದು ಅದರಲ್ಲೇ ಇದೆಯಲ್ಲ.

ಇಲ್ಲಿ ಒಂದು ಸಣ್ಣ ಕಥೆ ಹೇಳಲೇಬೇಕು, ನನಗೆ ತುಂಬ ಪ್ರೀತಿಯ ಕಥೆ. ಗಾಳಿಯಿಲ್ಲ, ಮಳೆಯಿಲ್ಲ, ಬಿಸಿಲು ಚೆನ್ನಾಗಿಯೇ ಇದೆ. ಇದ್ದಕ್ಕಿದ್ದಂತೆ ಕಡಲು ಉಬ್ಬಿ ಮನೆಯೊಳಗೆ ಬರುತ್ತದೆ. ಕೇರಳದ ಮೀನುಗಾರರು ಇದನ್ನು ಕಳ್ಳಕ್ಕಡಲ್ ಎನ್ನುತ್ತಾರೆ. ಕಳ್ಳನ ಹಾಗೆ ಬರುವ ಕಡಲು. ದಕ್ಷಿಣ ಹಿಂದೂ ಮಹಾಸಾಗರದಲ್ಲಿ ಎಲ್ಲೋ ಬಿರುಗಾಳಿ ಬೀಸಿ ಎಬ್ಬಿಸಿದ ಅಲೆಗಳು ಸಾವಿರಾರು ಕಿಲೋಮೀಟರ್ ನಡೆದು ಇಲ್ಲಿಗೆ ಮುಟ್ಟುತ್ತವೆ. ವಿಜ್ಞಾನಿಗಳು ಇದರ ಕಾರಣ ಹುಡುಕಿ ತೆಗೆದರು. ಹೆಸರನ್ನು ಮಾತ್ರ ಬದಲಿಸಲಿಲ್ಲ. 2012ರಲ್ಲಿ ಯುನೆಸ್ಕೋ ಕೂಡ ಆ ಪದವನ್ನು ಒಪ್ಪಿಕೊಂಡಿತು. ಹೈದರಾಬಾದಿನಲ್ಲಿರುವ ಕೇಂದ್ರದ ಸಾಗರ ಮಾಹಿತಿ ಸಂಸ್ಥೆ ಈಗ ಮುಂಚಿತವಾಗಿ ಎಚ್ಚರಿಕೆ ಕೊಡುವಾಗ ಅದೇ ಪದ ಬಳಸುತ್ತದೆ. ನೋಡಿ, ಹೆಸರು ಕೊಟ್ಟದ್ದು ತೀರದ ಜನ, ಲೆಕ್ಕ ಹಾಕಿದ್ದು ಕೇಂದ್ರದ ಯಂತ್ರ, ಎಚ್ಚರಿಕೆ ತಿರುಗಿ ಬಂದದ್ದು ತೀರಕ್ಕೇ. ಎಲ್ಲ ಕೆಲಸವೂ ಹೀಗೆ ನಡೆದರೆ ನನಗೆ ಇವತ್ತು ಇಲ್ಲಿ ನಿಂತು ಮಾತಾಡುವ ಅಗತ್ಯವೇ ಇರುತ್ತಿರಲಿಲ್ಲ.

ಒಡಿಶಾದಲ್ಲಿ ಹೆಚ್ಚುಕಡಿಮೆ ಹಾಗೆ ಆಗಿದೆ. 1999ರ ಚಂಡಮಾರುತದಲ್ಲಿ ಅಲ್ಲಿ 10,000ದಷ್ಟು ಜನ ಸತ್ತರು. 2013ರಲ್ಲಿ ಫೈಲಿನ್ ಬಂದಾಗ ಹತ್ತು ಲಕ್ಷದಷ್ಟು ಜನರನ್ನು ಮೊದಲೇ ಸ್ಥಳಾಂತರಿಸಿದರು. ಸತ್ತವರು ಐವತ್ತಕ್ಕಿಂತ ಕಡಿಮೆ. ಎಚ್ಚರಿಕೆ ಕೊಟ್ಟದ್ದು ಕೇಂದ್ರದ ಹವಾಮಾನ ಇಲಾಖೆ. ಆದರೆ ಒಬ್ಬ ಮುದುಕಿಯನ್ನು "ಅಮ್ಮಾ, ದನ ಬಿಚ್ಚಿಬಿಡಿ, ನೀವು ಬನ್ನಿ" ಎಂದು ಮನೆಯಿಂದ ಹೊರಡಿಸಲು ಅವಳ ಪರಿಚಯದವರೇ ಆಗಬೇಕು. ಅಲ್ಲಿ ಹಳ್ಳಿ ಹಳ್ಳಿಯಲ್ಲಿ ಆಶ್ರಯ ಕಟ್ಟಡಗಳು, ಅವನ್ನು ನೋಡಿಕೊಳ್ಳುವ ಊರಿನ ಸಮಿತಿಗಳು ಇದ್ದವು.

ಇನ್ನು ಹಣ. ನಿಮ್ಮಲ್ಲಿ ತೋಟದವರು ಹೆಚ್ಚು, ನಿಮ್ಮ ಲೆಕ್ಕದಲ್ಲೇ ಹೇಳುತ್ತೇನೆ.

ರಾಜ್ಯ ವಿಪತ್ತು ಸ್ಪಂದನ ನಿಧಿ ಎಂದು ಒಂದು ಇದೆ. ಕೇರಳದಂಥ ರಾಜ್ಯಗಳಿಗೆ ಕೇಂದ್ರ 75 ಪಾಲು, ರಾಜ್ಯ 25 ಪಾಲು ಹಾಕುತ್ತವೆ. ಯಾವುದಕ್ಕೆ ಎಷ್ಟು ಕೊಡಬೇಕು ಎಂದು ದರಪಟ್ಟಿ ಮಾಡುವುದು ಕೇಂದ್ರ. 2022ರಿಂದ 2026ರ ವರೆಗಿನ ದರದಲ್ಲಿ ಸತ್ತವರಿಗೆ 4 ಲಕ್ಷ ರೂಪಾಯಿ. ಬಯಲು ಪ್ರದೇಶದಲ್ಲಿ ಪೂರ್ತಿ ಬಿದ್ದ ಮನೆಗೆ 1.20 ಲಕ್ಷ. ಅಡಿಕೆ, ತೆಂಗಿನಂಥ ಬಹುವಾರ್ಷಿಕ ಬೆಳೆಗೆ ಹೆಕ್ಟೇರಿಗೆ 22,500 ರೂಪಾಯಿ, ಅದೂ 2 ಹೆಕ್ಟೇರಿನ ಮಿತಿಯೊಳಗೆ. ಹೆಕ್ಟೇರಿಗೆ ಸುಮಾರು 1,300 ಅಡಿಕೆ ಮರ ಎಂದು ಹಿಡಿಯಿರಿ. ಭಾಗಿಸಿ ನೋಡಿ. ಒಂದು ಮರಕ್ಕೆ 17 ರೂಪಾಯಿ. ಗಿಡ ನೆಟ್ಟು, ಐದಾರು ವರ್ಷ ನೀರು ಹಾಕಿ, ಬೇಸಿಗೆಯಲ್ಲಿ ಸೋಗೆ ಮುಚ್ಚಿ, ಮಳೆಗಾಲದ ಆಟಿ ತಿಂಗಳಲ್ಲಿ ಮದ್ದು ಬಿಟ್ಟು ಬೆಳೆಸಿದ ಮರಕ್ಕೆ 17 ರೂಪಾಯಿ. ರಾಜ್ಯ ತನ್ನ ಕೈಯಿಂದ ಸೇರಿಸಿದರೆ ಸ್ವಲ್ಪ ಹೆಚ್ಚಾಗುತ್ತದೆ. ಆದರೆ ದರ ಬರೆದವರ ಕಣ್ಣಿಗೆ ಒಂದು ಅಡಿಕೆ ತೋಟ ಬಿದ್ದಿದ್ದರೆ ಈ ಸಂಖ್ಯೆ ಬರುತ್ತಿರಲಿಲ್ಲ ಎಂದು ನನಗೆ ಅನಿಸುತ್ತದೆ.

ರಾಜ್ಯದ ನಿಧಿ ಸಾಲದಿದ್ದರೆ ರಾಷ್ಟ್ರೀಯ ನಿಧಿ ಕೇಳಬೇಕು. ರಾಜ್ಯ ಮನವಿ ಕೊಡಬೇಕು, ಕೇಂದ್ರದ ತಂಡ ಬಂದು ನೋಡಬೇಕು, ವರದಿ ಸಮಿತಿಗೆ ಹೋಗಬೇಕು, ಆಮೇಲೆ ಗೃಹಮಂತ್ರಿಗಳ ಉನ್ನತ ಸಮಿತಿ ಕೂರಬೇಕು. ವಯನಾಡಿನ ತಾರೀಖುಗಳನ್ನೇ ನೋಡಿ. ಗುಡ್ಡ ಜರಿದದ್ದು ಜುಲೈ 30ಕ್ಕೆ. ಆಗಸ್ಟ್ ಎರಡನೇ ವಾರದೊಳಗೆ ಕೇಂದ್ರದ ತಂಡ ಬಂದು ನೋಡಿತು. ಅದು ತೀವ್ರ ಸ್ವರೂಪದ ವಿಪತ್ತು ಎಂದು ಕೇಂದ್ರ ಬರೆದು ಒಪ್ಪಿದ್ದು ಡಿಸೆಂಬರ್ ಕೊನೆಯಲ್ಲಿ. ರಾಜ್ಯ ಕೇಳಿದ್ದು 2,219 ಕೋಟಿ. 2025ರ ಫೆಬ್ರವರಿಯಲ್ಲಿ 529.50 ಕೋಟಿ ಬಂತು, ಬಡ್ಡಿಯಿಲ್ಲದ ಸಾಲವಾಗಿ. ಮಾರ್ಚ್ 31ರೊಳಗೆ ಖರ್ಚು ಮಾಡಬೇಕೆಂಬ ಷರತ್ತು ಬೇರೆ. ಇನ್ನೂ ಒಂದು. 2006ರಿಂದ ಆಚೆ ಕೇರಳದಲ್ಲಿ ವಿಮಾನ, ಹೆಲಿಕಾಪ್ಟರ್‌ಗಳಿಂದ ಮಾಡಿದ ರಕ್ಷಣೆಗೆ 132.62 ಕೋಟಿ ರೂಪಾಯಿ ಕೊಡಿ ಎಂದು ರಾಜ್ಯಕ್ಕೆ ಪತ್ರ ಬಂತು, ವಯನಾಡಿನ ದುರಂತ ನಡೆದ ವರ್ಷವೇ.

ಲೆಕ್ಕಪತ್ರ ಬೇಡ ಎಂದು ನಾನು ಹೇಳುವುದಿಲ್ಲ. ರಾಜ್ಯದವರು ಕೇಳಿದ್ದೆಲ್ಲ ಸರಿ ಎಂದೂ ಹೇಳುವುದಿಲ್ಲ. ನಿಧಿಯಲ್ಲಿ ಉಳಿದ ಹಣ ಎಷ್ಟು ಎಂಬುದಕ್ಕೆ ರಾಜ್ಯವೂ ಕೋರ್ಟಿನಲ್ಲಿ ತಡವರಿಸಿದೆ. ನನ್ನ ಮಾತು ಇಷ್ಟೇ. ನೆರೆ ಬಂದವನು ಭಿಕ್ಷೆ ಕೇಳುವವನಲ್ಲ. ಇಂಥ ಅನಾಹುತಕ್ಕೆ ಇಂತಿಷ್ಟು, ಇಷ್ಟು ದಿನದೊಳಗೆ ಎಂದು ಮೊದಲೇ ನಿಯಮ ಇರಲಿ. ಯಾವ ಪಕ್ಷದ ಸರ್ಕಾರ ಎಲ್ಲಿದೆ ಎಂದು ನೋಡದೆ ಆ ಹಣ ತಾನಾಗಿ ಇಳಿಯಲಿ. ಅದರಲ್ಲಿ ಒಂದು ಸಣ್ಣ ಪಾಲು ಮಳೆಗಾಲ ಶುರುವಾಗುವ ಮುಂಚೆಯೇ ಪಂಚಾಯತಿನ ಖಾತೆಯಲ್ಲಿ ಇರಲಿ. ರಾತ್ರಿ ಹನ್ನೆರಡಕ್ಕೆ ದೋಣಿಗೆ ಡೀಸೆಲ್ ಹಾಕಿಸಲು, ಜೆಸಿಬಿಯವರಿಗೆ ಮುಂಗಡ ಕೊಡಲು ಯಾರ ಸಹಿಗೂ ಕಾಯಬಾರದು. ನನ್ನ ಕಾಲದಲ್ಲಿ ಅಂಥ ಒಂದು ರಾತ್ರಿ ನಾನು ಕಿವಿಯ ಓಲೆ ಅಡವಿಟ್ಟಿದ್ದೆ. ಹೆಮ್ಮೆಗೆ ಹೇಳುತ್ತಿಲ್ಲ. ಇನ್ನೊಬ್ಬ ಮೆಂಬರಿಗೆ ಆ ಗತಿ ಬರಬಾರದು ಎಂದು ಹೇಳುತ್ತಿದ್ದೇನೆ.

ಯಾವುದು ವಿಪತ್ತು ಎಂಬ ಪಟ್ಟಿಯೂ ದೆಹಲಿಯದ್ದೇ. 2022ರಿಂದ 2026ರ ವರೆಗಿನ ನಿಯಮದಲ್ಲಿ ಈ ನಿಧಿಗೆ 12 ವಿಪತ್ತುಗಳು. ಅದರಲ್ಲಿ ಹಿಮಕುಸಿತ ಇದೆ, ಶೀತಗಾಳಿ ಇದೆ. ಕಡಲ್ಕೊರೆತ ಇಲ್ಲ, ಸಿಡಿಲೂ ಇಲ್ಲ. ಉಪ್ಪಳದ ಮುಸೋಡಿಗೆ ಹೋಗಿ ನೋಡಿ. ಕಳೆದ ವರ್ಷ ಇದ್ದ ತೆಂಗಿನ ಸಾಲು ಈ ವರ್ಷ ಇರುವುದಿಲ್ಲ. ರಾಜ್ಯಗಳು ತಮ್ಮ ಊರಿನ ವಿಪತ್ತುಗಳಿಗೆ ನಿಧಿಯ ಹತ್ತನೇ ಒಂದು ಪಾಲಿನವರೆಗೆ ಬಳಸಬಹುದು. ಕೇರಳ ಹಾಗೆ ಕಡಲ್ಕೊರೆತ, ಸಿಡಿಲುಗಳನ್ನು ಸೇರಿಸಿಕೊಂಡಿದೆ. ಒಳ್ಳೆಯದಾಯಿತು. ಆದರೂ ಊರಿಗೂರೇ ಕಡಲಿಗೆ ಹೋಗುವಾಗ ಹತ್ತರಲ್ಲಿ ಒಂದು ಪಾಲಿನಲ್ಲಿ ಏನಾದೀತು?

ಎಣ್ಮಕಜೆಯ ಪಡ್ರೆಯ ವಿಷಯ ಎತ್ತದೆ ಕಾಸರಗೋಡಿನಲ್ಲಿ ವಿಪತ್ತಿನ ಮಾತು ಮುಗಿಯುವುದಿಲ್ಲ. ಇಪ್ಪತ್ತಕ್ಕೂ ಹೆಚ್ಚು ವರ್ಷ, 2000ದ ವರೆಗೆ, ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದರು. ತೋಟ ರಾಜ್ಯದ ನಿಗಮದ್ದು. ಕೀಟನಾಶಕಕ್ಕೆ ಅನುಮತಿ ಕೊಡುವುದು 1968ರ ಕೇಂದ್ರ ಕಾಯಿದೆ. ಮದ್ದು ಬಿದ್ದದ್ದು ನಮ್ಮ ತೋಡಿಗೆ, ಗುಡ್ಡ ಕೊರೆದು ತೆಗೆವ ಸುರಂಗದ ನೀರಿಗೆ, ಮಕ್ಕಳ ಮೈಗೆ. ಅದರಿಂದ ಬಂದ ಕಾಯಿಲೆಗಳನ್ನು ಮೊದಲು ಗುರುತಿಸಿದವರು ಯಾರು? ಊರಿನ ವೈದ್ಯರು, ಊರಿನ ಪತ್ರಕರ್ತರು, ತಾಯಂದಿರು. ಮೇಲಿನವರಿಗೆ ಅದು ವಿಪತ್ತು ಎಂದು ಕಾಣಲಿಲ್ಲ, ಯಾಕೆಂದರೆ ಅದು ನಿಧಾನವಾಗಿ ಬಂತು, ಸದ್ದು ಮಾಡಲಿಲ್ಲ. 2011ರ ಮೇ 13ರಂದು ಸುಪ್ರೀಂ ಕೋರ್ಟು ದೇಶದಲ್ಲೆಲ್ಲ ಅದನ್ನು ತಡೆಯಿತು. 2017ರ ಜನವರಿಯಲ್ಲಿ, ಮೂರು ತಿಂಗಳೊಳಗೆ ಸಂತ್ರಸ್ತರಿಗೆ ತಲಾ 5 ಲಕ್ಷ ಪರಿಹಾರ ಕೊಡಿ ಎಂದು ರಾಜ್ಯಕ್ಕೆ ಹೇಳಿತು. 2022ರ ಮೇ ತಿಂಗಳಲ್ಲಿ ಅದೇ ಕೋರ್ಟಿನ ಮುಂದೆ ಲೆಕ್ಕ ಬಂತು: 3,704 ಜನರಲ್ಲಿ ಎಂಟು ಜನರಿಗೆ ಪರಿಹಾರ ಸಿಕ್ಕಿದೆ, ಅಷ್ಟೇ. ಕೋರ್ಟು ಗದರಿಸಿದ ಮೇಲೆ ಕೆಲಸ ಮುಂದೆ ಹೋಯಿತು. ಇಲ್ಲಿ ತಪ್ಪು ದೆಹಲಿಯದ್ದು ಮಾತ್ರ ಅಲ್ಲ. ತಿರುವನಂತಪುರವೂ ನಮಗೆ ದೂರವೇ ಎಂದು ಆ ತಾಯಂದಿರು ಕಲಿತರು.

ಇನ್ನು ಎರಡು ವಿಷಯ ಬೇಗ ಹೇಳುತ್ತೇನೆ.

ಒಂದು, ಹೊಳೆ. ಪಯಸ್ವಿನಿ ಕೊಡಗಿನಲ್ಲಿ ಹುಟ್ಟಿ, ಸುಳ್ಯದ ಮೇಲೆ ಹರಿದು, ನಮ್ಮ ಚಂದ್ರಗಿರಿಯಾಗುತ್ತದೆ. 2018ರಲ್ಲಿ ಕೊಡಗಿನ ಜೋಡುಪಾಲದಲ್ಲಿ ಗುಡ್ಡ ಜರಿದಾಗ ನಮಗೆ ಮೊದಲು ಗೊತ್ತಾದದ್ದು ನೆಂಟರ ಫೋನಿನಿಂದ. "ನೀರು ಕೆಂಪಾಗಿದೆ, ಮರ ಬರ್ತಿದೆ, ಹೊಳೆ ಬದಿಯವರಿಗೆ ಹೇಳು" ಎಂದರು. ಸರ್ಕಾರಿ ಕಾಗದ ಒಂದು ರಾಜ್ಯದಲ್ಲಿ ಮೇಲೆ ಹತ್ತಿ, ಇನ್ನೊಂದು ರಾಜ್ಯದಲ್ಲಿ ಕೆಳಗೆ ಇಳಿಯಬೇಕು. ನೀರಿಗೆ ಅಷ್ಟು ತಾಳ್ಮೆ ಇಲ್ಲ. ಹೊಳೆಯ ಮೇಲಿನ ಪಂಚಾಯತು ಮತ್ತು ಕೆಳಗಿನ ಪಂಚಾಯತು ನೇರ ಮಾತಾಡಲು, ಗಡಿಯಾಚೆ ಹತ್ತಿರದ ಆಸ್ಪತ್ರೆಗೆ ನೇರ ಹೋಗಲು ಮೊದಲೇ ಬರೆದಿಟ್ಟ ಒಪ್ಪಂದ ಬೇಕು. ಅದನ್ನು ಮಾಡಿಸಬೇಕಾದದ್ದು ಕೇಂದ್ರ. ಮಣ್ಣು ಸುರಿದ ಮೇಲೆ ಕೋರ್ಟಿಗೆ ಹೋಗಿ ಮಾಡಿಸುವ ಕೆಲಸ ಅಲ್ಲ ಅದು.

ಎರಡನೆಯದು, ಭಾಷೆ. ನನ್ನ ವಾರ್ಡಿನ ಅರ್ಧಕ್ಕರ್ಧ ಹಿರಿಯರಿಗೆ ಮಲೆಯಾಳ ಮಾತಾಡಲು ಬರುತ್ತದೆ, ಓದಲು ಬರುವುದಿಲ್ಲ. ಎಚ್ಚರಿಕೆಯ ಸಂದೇಶ ಬರುವುದು ಮಲೆಯಾಳದಲ್ಲಿ, ಇಲ್ಲವೇ ಇಂಗ್ಲಿಷಿನಲ್ಲಿ. 2019ರ ಮಳೆಗಾಲದಲ್ಲಿ ತೋಡಿನ ಬದಿಯ ಒಂದು ಮನೆಗೆ ನಾನು ಹೋದಾಗ ಯಜಮಾನರು ಫೋನು ನನ್ನ ಕೈಗೆ ಕೊಟ್ಟು, "ಬ್ಯಾಂಕಿನದ್ದಾ ಟೀಚರೇ ಇದು?" ಎಂದು ಕೇಳಿದರು. ಮನೆ ಖಾಲಿ ಮಾಡಿ ಎಂಬ ಸಂದೇಶ ಅದು. ಬೆಳಿಗ್ಗೆಯೇ ಬಂದಿತ್ತು. ನಾನು ಓದಿ ಹೇಳುವಾಗ ಸಂಜೆ ನಾಲ್ಕಾಗಿತ್ತು, ಹಟ್ಟಿಯೊಳಗೆ ನೀರು ಬಂದಿತ್ತು. ಕನ್ನಡಿಗರಿಗೆ ಭಾಷಾ ಅಲ್ಪಸಂಖ್ಯಾತರ ಹಕ್ಕು ಬೇಕು ಎಂದು ನಾವು ಶಾಲೆಗಾಗಿ, ಉದ್ಯೋಗಕ್ಕಾಗಿ ಹೋರಾಡಿದ್ದೇವೆ, ಸರಿಯೇ. ಜೀವ ಉಳಿಸುವ ನಾಲ್ಕು ಸಾಲಿಗಾಗಿಯೂ ಕೇಳೋಣ. ಫೋನ್ ಟವರಿನ ಮೂಲಕ ಒಂದೇ ಸಲಕ್ಕೆ ಎಲ್ಲರಿಗೂ ಎಚ್ಚರಿಕೆ ಕಳಿಸುವ ಕೇಂದ್ರದ ವ್ಯವಸ್ಥೆಯ ಪರೀಕ್ಷೆ 2023ರಲ್ಲಿ ನಡೆಯಿತು, ಎಲ್ಲರ ಫೋನೂ ಕಿರುಚಿತ್ತು, ನೆನಪಿದೆಯಾ? ಆ ವ್ಯವಸ್ಥೆಯಲ್ಲಿ ಬೇರೆ ಬೇರೆ ಭಾಷೆ ಹಾಕಲು ಆಗುತ್ತದೆ. ಮಂಜೇಶ್ವರ, ಕಾಸರಗೋಡು ತಾಲೂಕಿನ ಟವರುಗಳಿಗೆ ಕನ್ನಡವನ್ನೂ ಸೇರಿಸಿ ಎಂದು ನಾವು ಕೇಳಬೇಕು, ಬರೆದು ಕೇಳಬೇಕು.

2018, 2019ರ ನಂತರ ಕೇರಳದ ಪಂಚಾಯತುಗಳು ತಮ್ಮ ತಮ್ಮ ವಿಪತ್ತು ಯೋಜನೆ ಬರೆದವು. "ನಮ್ಮಳ್ ನಮುಕ್ಕಾಯಿ" ಎಂದು ಆ ಅಭಿಯಾನದ ಹೆಸರು, ನಾವು ನಮಗಾಗಿ ಎಂದು ಅರ್ಥ. ನಮ್ಮ ಪಂಚಾಯತಿಗೂ ಅದರ ಪುಸ್ತಕ ಇದೆ. ನಾನು ಮೆಂಬರ್ ಆಗಿದ್ದಾಗ ಕೂತು ಬರೆದದ್ದು. ಅದರಲ್ಲಿ ದೋಣಿ ಎಷ್ಟು, ಜೆಸಿಬಿ ಯಾರಲ್ಲಿದೆ, ಮಲಗಿದಲ್ಲೇ ಇರುವವರು ಎಷ್ಟು ಜನ ಎಂಬ ಪಟ್ಟಿ ಇದೆ. ಮೊನ್ನೆ ತರಿಸಿ ನೋಡಿದೆ. ನಾಲ್ಕು ಫೋನ್ ನಂಬರಿಗೆ ಕರೆ ಮಾಡಿದೆ, ಮೂರು ಈಗ ಇಲ್ಲ. ಆ ಡಯಾಲಿಸಿಸಿನ ಅಜ್ಜಿಯ ಹೆಸರು ಇನ್ನೂ ಪಟ್ಟಿಯಲ್ಲಿದೆ. ಅವರು ಹೋಗಿ ಮೂರು ವರ್ಷವಾಯಿತು.

ಈಗಿನ ಮೆಂಬರ್ ಇಲ್ಲೇ ಎದುರಿಗೆ ಕೂತಿದ್ದಾರೆ. ಅವರ ಒಪ್ಪಿಗೆ ಕೇಳಿಯೇ ಒಂದು ನೋಟ್‌ಬುಕ್ ತಂದಿದ್ದೇನೆ. ಬಾಗಿಲ ಬಳಿಯ ಮೇಜಿನ ಮೇಲೆ ಇದೆ, ಪೆನ್ನೂ ಇದೆ. ಹೋಗುವಾಗ ನಿಮ್ಮ ಮನೆಯ ಮತ್ತು ಪಕ್ಕದ ಮನೆಯ ವಿವರ ಬರೆಯಿರಿ. ನಡೆಯಲಾಗದವರು ಯಾರಾದರೂ ಇದ್ದಾರಾ, ಗಡಿಯಾಚೆ ಯಾವ ಚಿಕಿತ್ಸೆಗೆ ಹೋಗುತ್ತೀರಿ, ಈಜು ಯಾರಿಗೆ ಬರುತ್ತದೆ, ರಾತ್ರಿ ಎತ್ತುವ ಫೋನ್ ನಂಬರ್ ಯಾವುದು. ಬರೆಯಲು ಕಷ್ಟವಾಗುವವರು ನನ್ನ ಹತ್ತಿರ ಹೇಳಿ, ನಾನು ಬರೆದುಕೊಳ್ಳುತ್ತೇನೆ.